ಎಎಫ್‌ಎಲ್-ಟಿಮಿನ್: ಮೂರು ಮಳೆಗಾಲ ಬಳಸಿದ ಮೇಲೆ

ನಮ್ಮ ಮನೆ ಕಾಸರಗೋಡಿನ ಬದಿಯಡ್ಕದ ಹತ್ತಿರ. ಹಗಲು ಕಂಪನಿ ಕೆಲಸ, ರಾತ್ರಿ ನನ್ನದೇ ಒಂದು ಹುಚ್ಚು: ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿಟ್ಟ ಯಕ್ಷಗಾನ ಪ್ರಸಂಗಗಳನ್ನು ಯುನಿಕೋಡಿಗೆ ತಿರುಗಿಸುವ ಸಣ್ಣ ಸಿ ಪ್ರೋಗ್ರಾಮು. ಯಕ್ಷಗಾನ ಕವಿ ಪಾರ್ತಿಸುಬ್ಬನ ಸೀಮೆಯಲ್ಲಿ ಪ್ರಸಂಗಕ್ಕೇನು ಬರ? ನಮ್ಮ ಮಾವನ ಪೆನ್‌ಡ್ರೈವ್ ಒಂದರಲ್ಲೇ ರಾಶಿ ಬಿದ್ದಿವೆ. ಪ್ರೋಗ್ರಾಮು ಗಟ್ಟಿಯೋ ಎಂದು ನೋಡಲು ಎಎಫ್‌ಎಲ್ ಪ್ಲಸ್‌ಪ್ಲಸ್ ಎಂಬ ಫಜರ್ ಹಾಕಿ ಫಜಿಂಗ್, ಅಂದರೆ ಅಡ್ಡಾದಿಡ್ಡಿ ಫೈಲುಗಳನ್ನು ಕೊಟ್ಟು ಪ್ರೋಗ್ರಾಮು ಬೀಳುತ್ತದೋ ಎಂದು ನೋಡುವುದು, ಶುರು ಮಾಡಿದೆ. ಅದರ ಜೊತೆಗೇ ಬರುವ, ಕ್ರ್ಯಾಶ್ ಫೈಲನ್ನು (ಪ್ರೋಗ್ರಾಮನ್ನು ಬೀಳಿಸಿದ ಫೈಲನ್ನು) ಕಿರಿದು ಮಾಡಿಕೊಡುವ ಟಿಮಿನ್ ಬಗ್ಗೆ ಈ ವಿಮರ್ಶೆ.

ಫಜರ್ ಕೊಡುವ ಕ್ರ್ಯಾಶ್ ಫೈಲ್ ಅಂದರೆ ಹುಲ್ಲಿನ ಮೆದೆ. ನನ್ನದು 38 ಕೆಬಿ ಇತ್ತು. (ಮೂಲ ಫೈಲ್ ಚಿಕ್ಕದಿರಬೇಕು ಎಂದು ಗೊತ್ತಿದ್ದೂ ಇಡೀ ಪ್ರಸಂಗವನ್ನೇ ಕೊಟ್ಟದ್ದು ನನ್ನ ಸೋಮಾರಿತನ.) ಟಿಮಿನ್ ಅದನ್ನು ತುಂಡು ತುಂಡಾಗಿ ತೆಗೆದು, ಉಳಿದದ್ದನ್ನು ಸೊನ್ನೆ ಅಂಕಿಯ (‘0’) ಅಕ್ಷರ ಮಾಡಿ, ಪ್ರತಿ ಸಲವೂ ಪ್ರೋಗ್ರಾಮು ಓಡಿಸಿ ನೋಡುತ್ತದೆ. ಇನ್ನೂ ಬೀಳುತ್ತದೆಯೇ? ಹಾಗಾದರೆ ತೆಗೆದದ್ದು ಬೇಡದ್ದು. ಈ ಯೋಚನೆ ಹಳೆಯದು. ಆಂಡ್ರಿಯಾಸ್ ಝೆಲ್ಲರ್ ಮತ್ತು ರಾಲ್ಫ್ ಹಿಲ್ಡೆಬ್ರಾಂಟ್ 2002ರ ಪ್ರಬಂಧದಲ್ಲಿ ಮೊಜಿಲ್ಲಾ ಬ್ರೌಸರನ್ನು ಬೀಳಿಸುತ್ತಿದ್ದ 896 ಸಾಲಿನ ಎಚ್‌ಟಿಎಂಎಲ್ ಪುಟವನ್ನು ಹೀಗೆಯೇ ಒಂದೇ ಸಾಲಿಗೆ ಇಳಿಸಿದ್ದರು.

ನನ್ನ 38 ಕೆಬಿ ಎಲ್ಲಿಗೆ ಇಳಿಯಿತು ಗೊತ್ತುಂಟಾ? ಒಂದು ಬೈಟಿಗೆ. ಬೆಲೆ 240, ನುಡಿಯಲ್ಲಿ ಅರ್ಕಾವತ್ತು. ‘ಧರ್ಮ’ ಬರೆಯುವಾಗ ನುಡಿಯಲ್ಲಿ ಅರ್ಕಾವತ್ತು ಮ-ಕಾರದ ನಂತರ ಬರುತ್ತದೆ, ಯುನಿಕೋಡಿನಲ್ಲಿ ‘ರ್’ ಮೊದಲು ಬರಬೇಕು. ಹಾಗಾಗಿ ನನ್ನ ಕೋಡ್ ವ್ಯಂಜನ ಸಿಗುವವರೆಗೂ ಹಿಂದಕ್ಕೆ ಹೋಗುತ್ತದೆ. ಸಾಲಿನ ತಲೆಯಲ್ಲೇ ಅರ್ಕಾವತ್ತು ಕೂತಿದ್ದರೆ ಹಿಂದೆ ಏನೂ ಇಲ್ಲ, ಬಫರಿನ (ಸಾಲಿಗೆಂದು ಮೆಮೊರಿಯಲ್ಲಿ ಇಟ್ಟ ಜಾಗದ) ಹೊರಗೇ ಕಾಲಿಡುತ್ತದೆ. ಇಂಥ ಮೆಮೊರಿ ತಪ್ಪು ಹಿಡಿಯುವ ಅಡ್ರೆಸ್ ಸ್ಯಾನಿಟೈಸರ್ ಜೊತೆ ಕಂಪೈಲ್ ಮಾಡಿದ್ದರಿಂದ ಸಿಕ್ಕಿಬಿತ್ತು, ಇಲ್ಲದಿದ್ದರೆ ಒಂದು ಬೈಟ್ ಆಚೆ ಓದಿದ್ದು ಯಾರಿಗೂ ತಿಳಿಯುತ್ತಿರಲಿಲ್ಲ.

“ಎಂತ ಮಾರಾಯ, ಮೂರು ದಿವಸದಿಂದ ಈ ಮಿಷಿನು ಗುಂಯ್ ಅಂತ ಉಂಟು, ಎಂತ ಸಿಕ್ಕಿತು?” ಅಂದರು ಮಾವ.

“ಒಂದು ಅರ್ಕಾವತ್ತು, ಮಾವ.”

“ಅಷ್ಟೆಯಾ?”

ಇಲ್ಲಿಯವರೆಗೆ ಐದಕ್ಕೆ ಐದು. ಪೆಟ್ಟು ತಿಂದದ್ದು ಆಮೇಲೆ. ಆ ವಾರ ಫಜರ್ ಇನ್ನೊಂದು ಕ್ರ್ಯಾಶನ್ನೂ ಹಿಡಿದಿತ್ತು. ಅದನ್ನೂ ಟಿಮಿನ್‌ಗೆ ಕೊಟ್ಟೆ, ಅದೇ 240 ಬಂತು. ಎರಡೂ ಒಂದೇ ಎಂದು ಮೂಲ ಫೈಲನ್ನೇ ಅಳಿಸಿ, ಅರ್ಕಾವತ್ತು ಸರಿಮಾಡಿ ಮಲಗಿದೆ. ತಿಂಗಳು ಕಳೆದು ಕನ್ನಡ ಮಾಧ್ಯಮ ಶಾಲೆಯ ಟೀಚರೊಬ್ಬರು ಒತ್ತಕ್ಷರದ ಪಟ್ಟಿ ಕಳಿಸಿದರು. ಪ್ರೋಗ್ರಾಮು ದಬಕ್ಕನೆ ಬಿತ್ತು.

ಕಾರಣ ಇಷ್ಟೆ. ಯುನಿಕೋಡ್ ಕನ್ನಡದ ಪ್ರತಿ ಸಂಕೇತಕ್ಕೆ, ಅದನ್ನು ಫೈಲಿನಲ್ಲಿ ಬರೆಯುವ ಯುಟಿಎಫ್-8 ಕ್ರಮದಲ್ಲಿ, 3 ಬೈಟ್ ಬೇಕು. ನಾನು ಸಾಲಿನ ಉದ್ದದ ಮೂರು ಪಟ್ಟು ಜಾಗ ಇಟ್ಟಿದ್ದೆ. ಆದರೆ ನುಡಿಯ ಒಂದು ಬೈಟಿನ ಒತ್ತು ಯುನಿಕೋಡಿನಲ್ಲಿ ವಿರಾಮ (್ ಚಿಹ್ನೆ) ಮತ್ತು ವ್ಯಂಜನ ಸೇರಿ 6 ಬೈಟ್. ಮಾಮೂಲಿ ಬರಹದಲ್ಲಿ ‘ಕ’ದಂಥ ಅಕ್ಷರಕ್ಕೆ ನುಡಿ ಎರಡು ಬೈಟ್ ತೆಗೆದುಕೊಳ್ಳುವುದರಿಂದ ಲೆಕ್ಕ ಹೇಗೋ ಸರಿಹೋಗುತ್ತಿತ್ತು. ಬರೀ ಒತ್ತುಗಳೇ ತುಂಬಿದ ಸಾಲಿನಲ್ಲಿ ತುಳುಕಿತು. ಅಳಿಸಿದ ಕ್ರ್ಯಾಶ್ ಇದೇ ಆಗಿತ್ತು.

ಟಿಮಿನ್‌ಗೆ ಬೀಳುವುದು ಮುಖ್ಯ, ಯಾಕೆ ಬಿದ್ದದ್ದು ಎಂಬುದಲ್ಲ. ಅರ್ಕಾವತ್ತಿನ ಮುಂಚಿನ ವ್ಯಂಜನಗಳನ್ನು ಸೊನ್ನೆ ಮಾಡಿದ ಕೂಡಲೇ ಹಳೆಯ ದೋಷ ಎದ್ದು ಬಂತು, ಟಿಮಿನ್ ಅದನ್ನೇ ಹಿಡಿದು ಕೂತಿತು. ಎಮ್ಮೆ ಕಳೆದವನಿಗೆ ಯಾರದೋ ದನ ಹೊಡೆದು ತಂದು ಕೊಟ್ಟ ಹಾಗೆ.

‘ಎಎಫ್‌ಎಲ್_ಟಿಮಿನ್_ಎಕ್ಸ್ಯಾಕ್ಟ್’ ಎಂಬ ಆಯ್ಕೆ ಇದಕ್ಕೇ ಉಂಟು, ಪ್ರೋಗ್ರಾಮು ನಡೆದ ದಾರಿ ಮೂಲದಂತೆಯೇ ಇರಬೇಕು ಎನ್ನುತ್ತದೆ. ನನಗೆ ಅತಿ ಬಿಗಿಯಾಯಿತು: ಲೂಪ್ ಸುತ್ತಿದ ಲೆಕ್ಕವೂ ದಾರಿಯ ಭಾಗವಾದ್ದರಿಂದ ನಾಲ್ಕು ಸಾಲು ತೆಗೆದರೂ ಎಷ್ಟೋ ಸಲ ಒಪ್ಪುವುದಿಲ್ಲ. ಅದನ್ನೂ ರಾತ್ರಿಯಿಡೀ ಓಡಲು ಬಿಟ್ಟೆ. ಆಟಿಯ ಮಳೆ, ಬೆಳಗಿನ ಜಾವ ಕರೆಂಟು ಹೋಯಿತು, ಯುಪಿಎಸ್ಸೂ ಕೈಕೊಟ್ಟಿತು. ಟಿಮಿನ್ ಫಲಿತಾಂಶವನ್ನು ಬರೆಯುವುದು ಎಲ್ಲ ಮುಗಿದ ಮೇಲೆ ಮಾತ್ರ. ಎದ್ದು ನೋಡಿದರೆ ಬೊಗಸೆಯಲ್ಲಿ ನೀರೂ ಇಲ್ಲ.

ಈಗ ನನ್ನ ಪದ್ಧತಿ ಬೇರೆ. ಹತ್ತು ಸಾಲಿನ ಶೆಲ್ ಸ್ಕ್ರಿಪ್ಟ್: ಸ್ಯಾನಿಟೈಸರ್ ವರದಿಯಲ್ಲಿ ಅದೇ ಬಗೆಯ ದೋಷ, ಅದೇ ಫಂಕ್ಷನ್ ಹೆಸರು ಇದ್ದರೆ ಮಾತ್ರ ಸೊನ್ನೆ (ಅಂದರೆ ‘ಹೌದು, ಅದೇ’) ಹಿಂದಿರುಗಿಸು. ಅದನ್ನು ಸಿ-ರಿಡ್ಯೂಸ್‌ಗೆ ಕೊಡುತ್ತೇನೆ, ಇದು ಸಿ ಕೋಡನ್ನು ಕಿರಿದು ಮಾಡಲೆಂದೇ ಇರುವ ಸಾಧನ, ಹಾಗಾಗಿ ಸಿ ಕೋಡ್ ಅಲ್ಲ ಎಂದು ಹೇಳುವ ಆಯ್ಕೆ ಹಾಕಿ. ಅದು ಕಿರಿದಾದಂತೆಲ್ಲ ಅದೇ ಫೈಲಿಗೆ ಬರೆಯುತ್ತಾ ಹೋಗುತ್ತದೆ, ಕರೆಂಟು ಹೋದರೆ ಅಲ್ಲಿಂದಲೇ ಮುಂದುವರಿಸಬಹುದು. ಟೀಚರ ಪಟ್ಟಿಯೂ ಕೊನೆಗೆ ಒಂದೇ ಬೈಟಿಗೆ ಇಳಿಯಿತು, ಈ ಸಲ ಒಂದು ಒತ್ತು.

ಟಿಮಿನ್ ಬಿಟ್ಟಿಲ್ಲ. ಒಂದೇ ದೋಷ ಇರುವಾಗ, ಫೈಲ್ ಚಿಕ್ಕದಿರುವಾಗ, ಮೊದಲು ಅದನ್ನೇ ಓಡಿಸುತ್ತೇನೆ, ಸೆಟ್ಟಿಂಗಿನ ತಲೆನೋವೇ ಇಲ್ಲ. ಬಂದ ಫೈಲನ್ನು ಮತ್ತೆ ಓಡಿಸಿ ವರದಿ ಓದದೆ ಮೂಲವನ್ನು ಅಳಿಸುವುದಿಲ್ಲ, ಅಷ್ಟೆ. ಐದಕ್ಕೆ ಮೂರೂವರೆ ಕೊಡುತ್ತೇನೆ. ನಡುನಡುವೆ ಫೈಲ್ ಉಳಿಸಿದ್ದರೆ ನಾಲ್ಕು ಕೊಡುತ್ತಿದ್ದೆ.