ನೆಗಡಿ ಹಿಡಿದ ಮನೆಗೆ ಬಿಗ್ ಬಾಸೋ, ಸರಿಗಮಪವೋ?

ನೆಗಡಿ ಒಬ್ಬರನ್ನು ಮಾತ್ರ ಹಿಡಿದು ಸುಮ್ಮನಾಗುವುದಿಲ್ಲ. ಶಾಲೆಯಿಂದ ಮಗು ತರುತ್ತದೆ, ಮಗುವನ್ನು ಮಡಿಲಲ್ಲಿ ಮಲಗಿಸಿಕೊಂಡ ಅಜ್ಜಿಗೆ ಎರಡು ಮೂರು ದಿನದಲ್ಲಿ ಗಂಟಲು ಕೆರೆಯಲು ಶುರುವಾಗುತ್ತದೆ, ಅಜ್ಜಿಗೆ ಕಷಾಯ ಕಾಸಿಕೊಟ್ಟವರು ವಾರದೊಳಗೆ ತಾವೇ ಹೊದ್ದು ಮಲಗುತ್ತಾರೆ. ಹಾಸನದ ಮಾಗಿ ಚಳಿಯಲ್ಲಿ ನಮ್ಮ ಮನೆಯಲ್ಲಿ ನಡೆಯುವುದು ಇದೇ. 2024ರ ಡಿಸೆಂಬರ್‌ನಿಂದ 2025ರ ಸಂಕ್ರಾಂತಿ ಕಳೆಯುವವರೆಗೆ ಅತ್ತೆ, ಯಜಮಾನರು, ಎಂಟನೆಯ ತರಗತಿಯ ಮಗಳು, ಎಲ್‌ಕೆಜಿಗೆ ಹೋಗುವ ಮಗ, ಕೊನೆಗೆ ನಾನು, ಎಲ್ಲರೂ ಸರದಿಯಂತೆ ಮಲಗಿದೆವು. ಆ ದಿನಗಳಲ್ಲಿ ನಮಗೆ ಟಿವಿಯೇ ದೊಡ್ಡ ಆಸರೆ. ರಿಯಾಲಿಟಿ ಶೋಗಳೆಂದರೆ ನಮ್ಮ ಮನೆಯಲ್ಲಿ ಎಲ್ಲರಿಗೂ ಇಷ್ಟ, ಹಾಗೆ ಹೇಳಿಕೊಳ್ಳಲು ನನಗೆ ಸಂಕೋಚವೂ ಇಲ್ಲ. ಆದರೆ ಮೈ ನೆಟ್ಟಗಿರುವಾಗ ಖುಷಿ ಕೊಡುವ ಕಾರ್ಯಕ್ರಮ ಜ್ವರ ಬಂದಾಗಲೂ ಹಿತವಾಗಿರುತ್ತದೆ ಎಂದೇನಿಲ್ಲ. ಆ ಚಳಿಗಾಲದಲ್ಲಿ ನಾವು ಬಿಗ್ ಬಾಸ್ ಕನ್ನಡದ ಹನ್ನೊಂದನೆಯ ಸೀಸನ್, ಸರಿಗಮಪ, ವೀಕೆಂಡ್ ವಿತ್ ರಮೇಶ್‌ನ ಹಳೆಯ ಸಂಚಿಕೆಗಳು, ಈ ಮೂರನ್ನೂ ಕಾಯಿಲೆಯ ಮನೆಯಲ್ಲಿ ಕುಳಿತು, ಮಲಗಿ ನೋಡಿದ್ದೇವೆ. ನಡುವೆ ಸುದ್ದಿ ವಾಹಿನಿಗಳನ್ನೂ ನೋಡಿದೆವು.

ಜ್ವರ ಬಂದವರಿಗೆ ಬೇಕಾದದ್ದೇ ಬೇರೆ. ಕಣ್ಣು ಉರಿಯುವುದರಿಂದ ಪರದೆಯನ್ನೇ ದಿಟ್ಟಿಸಿ ಕೂರಲಾಗುವುದಿಲ್ಲ. ಮೂಗು ಕಟ್ಟಿ, ಕಿವಿ ಮುಚ್ಚಿದಂತಾಗಿ, ಸಣ್ಣ ಗದ್ದಲವೂ ತಲೆಗೆ ಹೊಡೆಯುತ್ತದೆ. ಮಧ್ಯೆ ಜೊಂಪು ಹತ್ತುತ್ತದೆ. ಎದ್ದು ನೋಡಿದಾಗ ಏನು ನಡೆಯುತ್ತಿದೆ ಎಂದು ತಕ್ಷಣ ತಿಳಿಯಬೇಕು. ಮಾತ್ರೆಯ ಹೊತ್ತಿಗೆ, ಗಂಜಿಯ ಹೊತ್ತಿಗೆ, ಎಲ್ಲಕ್ಕಿಂತ ಹೆಚ್ಚಾಗಿ ನಿದ್ದೆಯ ಹೊತ್ತಿಗೆ ಕಾರ್ಯಕ್ರಮ ಅಡ್ಡ ಬರಬಾರದು. ನಾನು ಅಳೆದದ್ದು ಇವುಗಳಿಂದಲೇ.

ಸುದ್ದಿ ವಾಹಿನಿಗಳ ವಿಷಯ ಮೊದಲು ಮುಗಿಸಿಬಿಡುತ್ತೇನೆ. 2025ರ ಜನವರಿ 6ರಂದು ಬೆಂಗಳೂರಿನಲ್ಲಿ ಇಬ್ಬರು ಹಸುಗೂಸುಗಳಿಗೆ ಎಚ್‌ಎಂಪಿವಿ ಸೋಂಕು ಇರುವುದು ಗೊತ್ತಾಯಿತು. ಅಂದು ಸಂಜೆ ಯಾವ ವಾಹಿನಿ ಹಾಕಿದರೂ ಅದೇ ಮಾತು, ಕೆಂಪು ಅಕ್ಷರ, ಹಿಂದೆ ಎದೆ ಬಡಿತದಂಥ ಸಂಗೀತ. ಅತ್ತೆಗೆ ಆಗ ಕೆಮ್ಮು ಜೋರಾಗಿತ್ತು. ಅವರು ಮೊಮ್ಮಗನನ್ನು ಹತ್ತಿರ ಸೇರಿಸದೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಕುಳಿತುಬಿಟ್ಟರು. ನಮ್ಮ ವೈದ್ಯರು ಮಾರನೆಯ ದಿನ ಸಮಾಧಾನವಾಗಿ ತಿಳಿಸಿ ಹೇಳಿದರು: ಇದು ಹೊಸ ವೈರಾಣುವಲ್ಲ, 2001ರಲ್ಲೇ ನೆದರ್‌ಲೆಂಡ್ಸ್‌ನ ವಿಜ್ಞಾನಿಗಳು ಇದನ್ನು ಗುರುತಿಸಿದ್ದಾರೆ, ಬಹುತೇಕ ಜನರಿಗೆ ಸಾಮಾನ್ಯ ನೆಗಡಿಯಂತೆ ಬಂದು ಹೋಗುತ್ತದೆ, ಹಸುಗೂಸುಗಳು ಮತ್ತು ವಯಸ್ಸಾದವರ ಉಸಿರಾಟದ ಮೇಲೆ ಮಾತ್ರ ಕಣ್ಣಿಡಬೇಕು. ಅಂದಿನಿಂದ ಕಾಯಿಲೆ ಇರುವಷ್ಟು ದಿನ ಸುದ್ದಿ ವಾಹಿನಿ ಬೇಡ ಎಂದು ತೀರ್ಮಾನಿಸಿದೆವು. ಬೆಳಿಗ್ಗೆ ಪತ್ರಿಕೆ ಬರುತ್ತದೆ, ಅಷ್ಟು ಸಾಕು. (ಬಿಗ್ ಬಾಸ್‌ನ ಮೂಲವಾದ ಬಿಗ್ ಬ್ರದರ್ ಕೂಡ 1999ರಲ್ಲಿ ಶುರುವಾದದ್ದು ಅದೇ ನೆದರ್‌ಲೆಂಡ್ಸ್‌ನಲ್ಲಿ. ಇದನ್ನು ಕಂಡುಹಿಡಿದ ನನ್ನ ಮಗಳು ವಾರವಿಡೀ ಎಲ್ಲರಿಗೂ ಹೇಳಿಕೊಂಡು ತಿರುಗಿದಳು.)

ಬಿಗ್ ಬಾಸ್‌ಗೂ ನೆಗಡಿಯ ಮನೆಗೂ ಒಂದು ಹೊಂದಾಣಿಕೆ ಇದೆ. ಅಲ್ಲಿಯೂ ಜನ ಮನೆಯೊಳಗೇ ಇರುತ್ತಾರೆ, ಹೊರಗೆ ಹೋಗುವಂತಿಲ್ಲ, ಮುಖ ನೋಡಿ ಬೇಸರವಾದರೂ ಅದೇ ಮುಖ ನೋಡಬೇಕು, ಅಡುಗೆ ಯಾರು ಮಾಡಬೇಕು ಎಂಬುದೇ ದೊಡ್ಡ ವಿಷಯವಾಗುತ್ತದೆ. ಹಗಲು ನಿದ್ದೆ ಮಾಡಬಾರದೆಂಬ ಅಲ್ಲಿನ ನಿಯಮ ಒಂದನ್ನು ಬಿಟ್ಟರೆ ಉಳಿದದ್ದೆಲ್ಲ ನಮ್ಮ ಸ್ಥಿತಿಯೇ. ಹಾಸಿಗೆಯಲ್ಲಿ ಬಿದ್ದವರಿಗೆ ಸೋಮವಾರ ಯಾವುದು, ಗುರುವಾರ ಯಾವುದು ಎಂಬ ಲೆಕ್ಕ ತಪ್ಪಿಹೋಗುತ್ತದೆ. ದಿನವೂ ಬರುವ ಸಂಚಿಕೆ ಆ ಲೆಕ್ಕವನ್ನು ಮರಳಿ ಕೊಡುತ್ತದೆ: ನಾಮಿನೇಷನ್ ಆಯಿತು, ಟಾಸ್ಕ್ ನಡೆಯುತ್ತಿದೆ, ನಾಳೆ ಶನಿವಾರ, ಸುದೀಪ್ ಬರುತ್ತಾರೆ. ಇನ್ನು ಎಳೆ ತಪ್ಪುವ ಭಯವೇ ಇಲ್ಲ. ಅರ್ಧ ಗಂಟೆ ನಿದ್ದೆ ಹೋಗಿ ಎದ್ದರೂ ಅದೇ ಇಬ್ಬರು ಅದೇ ಸೋಫಾದ ಮೇಲೆ ಅದೇ ಮಾತನ್ನು ಆಡುತ್ತಿರುತ್ತಾರೆ. ಆರೋಗ್ಯವಂತರಿಗೆ ಅದು ಎಳೆದಾಟ ಅನ್ನಿಸಬಹುದು, ಜ್ವರದಲ್ಲಿರುವವರಿಗೆ ಅದು ಉಪಕಾರ.

ತೊಂದರೆ ಇರುವುದು ಹೊತ್ತಿನಲ್ಲಿ. ರಾತ್ರಿ ಒಂಬತ್ತೂವರೆಗೆ ಶುರುವಾದರೆ ಮುಗಿಯುವಷ್ಟರಲ್ಲಿ ಹನ್ನೊಂದರ ಹತ್ತಿರ. ಕೆಮ್ಮಿದ್ದವರಿಗೆ ರಾತ್ರಿಯ ಮೊದಲ ನಿದ್ದೆ ಬಹಳ ಮುಖ್ಯ, ಅದು ತಪ್ಪಿದರೆ ಬೆಳಗಿನ ಜಾವದವರೆಗೆ ಕೆಮ್ಮುತ್ತಾ ಕೂರಬೇಕು. ಹಾಗಾಗಿ ರಾತ್ರಿ ನೋಡುವುದನ್ನು ಬಿಟ್ಟು, ಮಾರನೆಯ ದಿನ ಹತ್ತು ಗಂಟೆಯ ಹೊತ್ತಿಗೆ ಮೊಬೈಲ್ ಆ್ಯಪ್‌ನಿಂದ ಟಿವಿಗೆ ಹಾಕಿಕೊಂಡು ನೋಡಲು ಶುರು ಮಾಡಿದೆವು. ಆಗ ಅದು ಜಿಯೋಸಿನಿಮಾದಲ್ಲಿ ಬರುತ್ತಿತ್ತು. ಬೆಳಗಿನ ಬಿಸಿಲು ಕಿಟಕಿಯಿಂದ ಬರುವಾಗ, ಗಂಜಿ ಕುಡಿದು, ಜ್ವರದ ಮಾತ್ರೆ ಕೆಲಸ ಮಾಡುತ್ತಿರುವ ಹೊತ್ತಿನಲ್ಲಿ ನೋಡಿದ ಬಿಗ್ ಬಾಸ್‌ಗೂ ರಾತ್ರಿ ನೋಡಿದ್ದಕ್ಕೂ ಅಜಗಜಾಂತರ. ಬೇಡವಾದ ಜಗಳವನ್ನು ಮುಂದಕ್ಕೆ ಓಡಿಸಬಹುದು, ಸದ್ದು ತಗ್ಗಿಸಬಹುದು. ಜಗಳದ ದೃಶ್ಯಗಳು ಚಿಕ್ಕ ಮಕ್ಕಳಿಗೆ ಖಂಡಿತ ಬೇಡ. ಮೈ ಬಿಸಿಯಿದ್ದ ನಮ್ಮ ಚಿಕ್ಕವನು ದೊಡ್ಡವರು ಕಿರುಚಾಡುವುದನ್ನು ಕಂಡು ಬೆದರಿದ. ಅಂದಿನಿಂದ ಅವನು ಮಲಗಿರುವಾಗ ಅಥವಾ ಅಜ್ಜಿಯ ಕೋಣೆಯಲ್ಲಿ ಆಡುತ್ತಿರುವಾಗ ಮಾತ್ರ ನಾವು ನೋಡಿದೆವು.

ಆ ಕಾರ್ಯಕ್ರಮ ನಮ್ಮ ಮನೆಯೊಳಕ್ಕೆ ತಂದ ಆಟಗಳು ಮಾತ್ರ ಚಿಕ್ಕವನಿಗೂ ಸಲ್ಲುತ್ತಿದ್ದವು. ವಾರದ ಕೊನೆಗೆ ಸುದೀಪ್ ಚೆನ್ನಾಗಿ ಆಡಿದವರಿಗೆ ಚಪ್ಪಾಳೆ ಕೊಡುತ್ತಾರಲ್ಲ, ಅದನ್ನು ನಾವು ಕಷಾಯಕ್ಕೆ ತಂದೆವು. ಶುಂಠಿ, ಕಾಳುಮೆಣಸು, ತುಳಸಿ, ಚೂರು ಬೆಲ್ಲ ಹಾಕಿ ಕುದಿಸಿದ ಕಷಾಯವನ್ನು ಮುಖ ಸಿಂಡರಿಸದೆ ಕುಡಿದವರಿಗೆ ರಾತ್ರಿ ಕಿಚ್ಚನ ಚಪ್ಪಾಳೆ. ಚಪ್ಪಾಳೆ ತಟ್ಟುವ ಅಧಿಕಾರ ಅತ್ತೆಯದು. ಜ್ವರ ಇಲ್ಲದವರೇ ಆ ವಾರದ ಕ್ಯಾಪ್ಟನ್, ಬಿಸಿನೀರು ಕಾಸುವುದು, ಔಷಧದ ಹೊತ್ತು ನೆನಪಿಸುವುದು ಅವರ ಕೆಲಸ. ಅಲ್ಲಿಯಂತೆ ವಾರದ ಉತ್ತಮ ಯಾರು, ಕಳಪೆ ಯಾರು ಎಂದು ಆರಿಸುವುದನ್ನೂ ಮಗಳು ಶುರು ಮಾಡಲು ಹೊರಟಳು. ಅತ್ತೆ ಒಪ್ಪಲಿಲ್ಲ. "ಮೈ ಸರಿಯಿಲ್ಲದವರಿಗೆ ಕಳಪೆ ಕೊಡುವ ಮನೆ ಮನೆಯೇ ಅಲ್ಲಮ್ಮ" ಎಂದರು. ಉತ್ತಮ ಮಾತ್ರ ಉಳಿಯಿತು.

ಹಾಡಿನ ಸ್ಪರ್ಧೆಯಾದ ಸರಿಗಮಪ ಆಗ ಶನಿವಾರ, ಭಾನುವಾರ ಬರುತ್ತಿತ್ತು. ಸಂಜೆ ಏಳೂವರೆ ಎಂದರೆ ಕಾಯಿಲೆಯ ಮನೆಗೆ ಅತ್ಯುತ್ತಮ ಹೊತ್ತು. ಬಿಸಿ ಅನ್ನ, ಮೆಣಸಿನ ಸಾರು, ಸುಟ್ಟ ಹಪ್ಪಳ ತಟ್ಟೆಯಲ್ಲಿಟ್ಟುಕೊಂಡು ಎಲ್ಲರೂ ಕೂತು ನೋಡಬಹುದು. ಜಾಹೀರಾತಿನ ಹೊತ್ತು ನಮಗೆ ಬಹಳ ಉಪಯೋಗಕ್ಕೆ ಬಂತು: ಒಂದು ವಿರಾಮದಲ್ಲಿ ಉಪ್ಪುನೀರಿನಿಂದ ಗಂಟಲು ಮುಕ್ಕಳಿಸುವುದು, ಇನ್ನೊಂದರಲ್ಲಿ ದೊಡ್ಡವರು ಹಬೆ ತೆಗೆದುಕೊಳ್ಳುವುದು. ಮಕ್ಕಳಿಗೆ ಹಬೆಯ ಪಾತ್ರೆ ಬೇಡವೆಂದು ವೈದ್ಯರು ಹೇಳಿದ್ದರು, ಕುದಿಯುವ ನೀರು ಮೈಮೇಲೆ ಚೆಲ್ಲಿ ಸುಟ್ಟುಕೊಂಡ ಮಕ್ಕಳು ಆಸ್ಪತ್ರೆಗೆ ಬರುತ್ತಾರಂತೆ. ಹಾಗೆಯೇ ಔಷಧದ ಡಬ್ಬಿಯಲ್ಲಿ ಉಳಿದ ಹಳೆಯ ಕೆಮ್ಮಿನ ಸಿರಪ್‌ಗೆ ಯಾರೂ ಕೈ ಹಾಕಬಾರದು. ನೆಗಡಿಗೆ ಕೊಡುವ ಕ್ಲೋರ್‌ಫೆನಿರಮೈನ್, ಫಿನೈಲೆಫ್ರಿನ್ ಎರಡೂ ಸೇರಿದ ಸಿರಪ್ಪನ್ನು ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಕೊಡಬಾರದೆಂದು ದೇಶದ ಔಷಧ ನಿಯಂತ್ರಕರು 2023ರ ಡಿಸೆಂಬರ್‌ನಲ್ಲೇ ಎಚ್ಚರಿಸಿದ್ದಾರೆ. ಪಕ್ಕದ ಮನೆಯ ಪುಟ್ಟ ಮಗುವಿಗೆ ನಮ್ಮ ಬಾಟಲಿಯನ್ನು ಕೇಳಿಕೊಂಡು ಬಂದಾಗ ನಾನು ಕೊಡಲಿಲ್ಲ, ವೈದ್ಯರಿಗೆ ತೋರಿಸಿ ಎಂದೆ.

ಸದ್ದಿನ ವಿಷಯದಲ್ಲಿ ಸರಿಗಮಪಕ್ಕೆ ಮಿಶ್ರ ಅಂಕ. ಹಾಡುವಾಗ ಇಂಪು, ಹಾಡು ಮುಗಿದೊಡನೆ ಸಂಭ್ರಮದ ಅಬ್ಬರ. ತಲೆನೋವಿದ್ದ ದಿನ ಯಜಮಾನರು ರಿಮೋಟ್ ಕೈಯಲ್ಲೇ ಹಿಡಿದು ಕೂರುತ್ತಿದ್ದರು. ಆದರೆ ಈ ಕಾರ್ಯಕ್ರಮ ನನ್ನ ಮಗಳಿಗೆ ಮಾಡಿದ ಉಪಕಾರವನ್ನು ಬಿಗ್ ಬಾಸ್ ಮಾಡಲು ಸಾಧ್ಯವಿರಲಿಲ್ಲ. ಅವಳು ಸಂಗೀತ ಕಲಿಯುತ್ತಾಳೆ. ಶೀತದಿಂದ ಧ್ವನಿ ಪೂರ್ತಿ ಕಟ್ಟಿಹೋಗಿ, ಶಾಲೆಯ ವಾರ್ಷಿಕೋತ್ಸವದ ಹಾಡು ಕೈತಪ್ಪಿತ್ತು. ಬಾಯಿ ತೆರೆದು ಹಾಡಲಾಗದ ಆ ದಿನಗಳಲ್ಲಿ ಅವಳು ಕಿವಿಯಿಂದ ಕಲಿತಳು. ವಿಜಯ್ ಪ್ರಕಾಶ್ ಯಾರಿಗಾದರೂ ಉಸಿರು ಎಲ್ಲಿ ತೆಗೆದುಕೊಳ್ಳಬೇಕಿತ್ತು ಎಂದು ತೋರಿಸಿದರೆ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದಳು. ರಾಜೇಶ್ ಕೃಷ್ಣನ್ ಒಂದು ಸಾಲನ್ನು ಹಾಡಿ ತೋರಿಸಿದಾಗ ಪದದ ಭಾವ ಹೇಗೆ ಬದಲಾಯಿತು ಎಂದು ನನಗೆ ಬರೆದು ತೋರಿಸಿದಳು. ಮಾತನಾಡಬಾರದೆಂಬ ಕಟ್ಟಪ್ಪಣೆ ಇದ್ದುದರಿಂದ ಎಲ್ಲವೂ ಬರವಣಿಗೆಯಲ್ಲೇ. ಧ್ವನಿ ಮರಳಿದ ಮೇಲೆ ಅವಳ ಸಂಗೀತದ ಮೇಡಂ ಅವಳ ಉಸಿರಿನ ಹಿಡಿತ ಸುಧಾರಿಸಿದೆ ಎಂದರು. ನನಗೆ ಆದ ಸಂತೋಷ ಅಷ್ಟಿಷ್ಟಲ್ಲ.

ಇವೆರಡು ಕಾರ್ಯಕ್ರಮಗಳ ನಡುವಿನ ವ್ಯತ್ಯಾಸವನ್ನು ಒಬ್ಬನೇ ವ್ಯಕ್ತಿಯ ಮೂಲಕ ನೋಡುವ ಅವಕಾಶವೂ ಆ ಚಳಿಗಾಲದಲ್ಲಿ ಸಿಕ್ಕಿತು. ಹಾವೇರಿ ಜಿಲ್ಲೆಯ ಹಳ್ಳಿಯಿಂದ ಬಂದ, ಕುರಿ ಕಾಯುತ್ತಿದ್ದ ಹನುಮಂತ ಲಮಾಣಿ ಸರಿಗಮಪದ ಹದಿನೈದನೆಯ ಸೀಸನ್‌ನಲ್ಲಿ ಜನಪದ ಹಾಡಿ ರನ್ನರ್ ಅಪ್ ಆಗಿದ್ದವರು. ಅದೇ ಹನುಮಂತ ಬಿಗ್ ಬಾಸ್‌ಗೆ ವೈಲ್ಡ್ ಕಾರ್ಡ್ ಮೂಲಕ ತಡವಾಗಿ ಒಳಹೊಕ್ಕು 2025ರ ಜನವರಿಯಲ್ಲಿ ಗೆದ್ದರು. ಸರಿಗಮಪದಲ್ಲಿ ನಾವು ಕಂಡದ್ದು ಅವರ ಕಂಠ. ಒಂದು ಹಾಡು, ನಾಲ್ಕು ಮಾತು, ನಾಚಿದ ನಗು, ಅಷ್ಟೇ. ಬಿಗ್ ಬಾಸ್‌ನಲ್ಲಿ ಕಂಡದ್ದು ಲುಂಗಿ ಉಟ್ಟು ಓಡಾಡುವ, ಜಗಳದ ನಡುವೆಯೂ ಹೊಟ್ಟೆಗೆ ಊಟ ಮಾಡುವ, ಸಹಸ್ಪರ್ಧಿ ಧನರಾಜ್ ಆಚಾರ್ ಅವರನ್ನು ದೋಸ್ತನೆಂದು ಹಚ್ಚಿಕೊಂಡ, ಸುತ್ತಿ ಬಳಸದೆ ಮಾತನಾಡುವ ಇಡೀ ಮನುಷ್ಯನನ್ನು. ಅತ್ತೆ ಅವರನ್ನು ಮೊದಲಿಂದ ಬಲ್ಲವರಂತೆ "ನಮ್ಮ ಹುಡುಗ" ಎನ್ನುತ್ತಿದ್ದರು. ಹಾಡಿನ ವೇದಿಕೆ ಒಬ್ಬರ ಅತ್ಯುತ್ತಮ ಐದು ನಿಮಿಷಗಳನ್ನು ತೋರಿಸುತ್ತದೆ. ಆ ಮನೆ ಉಳಿದ ಹೊತ್ತನ್ನು ತೋರಿಸುತ್ತದೆ. ಹಾಸಿಗೆ ಹಿಡಿದು, ತಲೆ ಬಾಚದೆ, ಮೂಗು ಒರೆಸಿಕೊಳ್ಳುತ್ತಾ ಇರುವಾಗ ನನಗೆ ಹೆಚ್ಚು ಹತ್ತಿರವಾದದ್ದು ಆ ಉಳಿದ ಹೊತ್ತು.

ವೀಕೆಂಡ್ ವಿತ್ ರಮೇಶ್ ಅನ್ನು ನಾವು ಜೀ5ರಲ್ಲಿ ಅತ್ತೆಗಾಗಿಯೇ ಹಾಕಿದ್ದು. 2014ರಲ್ಲಿ ಪುನೀತ್ ರಾಜ್‌ಕುಮಾರ್ ಅವರ ಸಂಚಿಕೆಯಿಂದ ಶುರುವಾದ ಕಾರ್ಯಕ್ರಮ ಅದು. ರಮೇಶ್ ಅರವಿಂದ್ ಅವರ ಮಾತು ತಗ್ಗಿದ ದನಿಯದು, ಅವಸರವಿಲ್ಲ. ಸಾಧಕರ ಕುರ್ಚಿಯಲ್ಲಿ ಕುಳಿತವರ ಬಾಲ್ಯದ ಗೆಳೆಯರು, ಮೇಷ್ಟರು ಒಬ್ಬೊಬ್ಬರಾಗಿ ಬರುತ್ತಾರೆ. ಜ್ವರದ ಕಿವಿಗೆ ಇದಕ್ಕಿಂತ ಹಿತವಾದದ್ದು ಈ ಮೂರರಲ್ಲಿ ಇಲ್ಲ. ಒಂದು ಎಚ್ಚರಿಕೆ ಹೇಳಲೇಬೇಕು: ನೋಡುತ್ತಾ ಅಳು ಬರುತ್ತದೆ, ಅತ್ತರೆ ಮೂಗು ಇನ್ನಷ್ಟು ಕಟ್ಟುತ್ತದೆ. ಅತ್ತೆ ಪುನೀತ್ ಅವರ ಸಂಚಿಕೆಯನ್ನು ಅರ್ಧಕ್ಕೇ ನಿಲ್ಲಿಸಿ, ಮೈ ಪೂರ್ತಿ ಸರಿಹೋದ ಮೇಲೆ ಉಳಿದದ್ದನ್ನು ನೋಡಿದರು. ಮಕ್ಕಳು ಇದರ ಮುಂದೆ ಹತ್ತು ನಿಮಿಷ ಕೂರುವುದಿಲ್ಲ. ಒಬ್ಬರೇ ಮಲಗಿರುವ ಹಿರಿಯರಿಗೆ, ಪಕ್ಕದಲ್ಲಿ ಕುಳಿತು ಗಂಜಿ ಕುಡಿಸುವವರಿಗೆ ಹೇಳಿ ಮಾಡಿಸಿದ್ದು.

ಹಾಗಾದರೆ ಯಾವುದು? ಜ್ವರ ಏರಿರುವ ಮೊದಲ ದಿನಗಳಲ್ಲಿ ಟಿವಿಯೇ ಬೇಡ, ಅಥವಾ ತೀರಾ ಬೇಕೆನ್ನಿಸಿದರೆ ರಮೇಶ್. ಜ್ವರ ಇಳಿದು ಸುಸ್ತು, ಕೆಮ್ಮು ಉಳಿದು, ಹಾಸಿಗೆಯಲ್ಲಿ ದಿನ ದೂಡಬೇಕಾದಾಗ ಬಿಗ್ ಬಾಸ್, ಅದೂ ಹಿಂದಿನ ರಾತ್ರಿಯದನ್ನು ಮಾರನೆಯ ಬೆಳಿಗ್ಗೆ, ಚಿಕ್ಕ ಮಕ್ಕಳು ಎದುರಿಗೆ ಇಲ್ಲದಾಗ. ಬಾಯಿಗೆ ರುಚಿ ಮರಳಿ, ಎಲ್ಲರೂ ಎದ್ದು ಕೂರುವಂತಾದ ವಾರಾಂತ್ಯಕ್ಕೆ ಸರಿಗಮಪ. ಒಂದನ್ನೇ ಆರಿಸಬೇಕೆಂದರೆ ನನ್ನ ಮತ ಬಿಗ್ ಬಾಸ್‌ಗೆ, ಏಕೆಂದರೆ ಕಾಯಿಲೆಯ ಬೇಸರದಲ್ಲಿ ಒಬ್ಬರಿಗೊಬ್ಬರು ಸಿಡುಕುವ ಬದಲು ಮಾತನಾಡಲು ನಮಗೆ ದಿನವೂ ಒಂದು ವಿಷಯ ಕೊಟ್ಟದ್ದು ಅದೇ. ಮಗಳ ಮತ ಸರಿಗಮಪಕ್ಕೆ. ಅತ್ತೆ ಈಗಲೂ ರಮೇಶ್ ಅವರನ್ನು ಬಿಟ್ಟುಕೊಡುವುದಿಲ್ಲ.