ಟರ್ನ್‌ಟೇಬಲ್‌ಗೆ ದುಡ್ಡು ಕೊಡುವ ಮುಂಚೆ ಅದರ ತಳ ನೋಡಿ

ಬೆಂಗಳೂರಿನಲ್ಲಿ ಹಳೆಯ, ದುಬಾರಿ ರೆಕಾರ್ಡ್ ಪ್ಲೇಯರ್, ಅಂದರೆ ಟರ್ನ್‌ಟೇಬಲ್ ಹುಡುಕುತ್ತಿರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ಆಮೇಲೆ ದುಡ್ಡು ಕೊಡಿ. ನನ್ನ ಒಂದೂವರೆ ಲಕ್ಷ ರೂಪಾಯಿ ಒಂದು ಅಂಗಡಿಯಲ್ಲಿ ಸಿಕ್ಕಿಹಾಕಿಕೊಂಡಿದೆ. ಅಂಗಡಿಯ ಹೆಸರು ಬರೆಯುವುದಿಲ್ಲ. ದೂರು ಕೊಟ್ಟಿದ್ದೇನೆ, ಅದು ಇತ್ಯರ್ಥ ಆಗಲಿ. ಆದರೆ ಅವರು ಮಾಡಿದ ಕೆಲಸ ಎಂಥದ್ದು ಅಂತ ನಾಲ್ಕು ಜನಕ್ಕೆ ಗೊತ್ತಾಗಲೇಬೇಕು.

ನಾನು ಕೊಂಡದ್ದು 1970ರ ದಶಕದ ಒಂದು ಥೋರೆನ್ಸ್. ಬೆಲ್ಟ್ ಡ್ರೈವ್, ಅಂದರೆ ಮೋಟಾರು ಒಂದು ಬೆಲ್ಟಿನ ಮೂಲಕ ತಟ್ಟೆಯನ್ನು ತಿರುಗಿಸುವಂಥದ್ದು. ಕಂಪನಿಯ ಮೇಲೆ ನನ್ನದೇನೂ ತಕರಾರಿಲ್ಲ, ಒಳ್ಳೆಯ ಮಷೀನು ಅದು. ತಕರಾರು ಇರುವುದು ಅದನ್ನು ಮಾರಿದವರ ಮೇಲೆ. ಇಂಥ ವ್ಯಾಪಾರ ಹೇಗೆ ನಡೆಯುತ್ತೆ ಅಂತ ನಿಮಗೆ ಗೊತ್ತಲ್ವಾ? ಕಾಫಿ ತರಿಸುತ್ತಾರೆ. ದೊಡ್ಡ ಸ್ಪೀಕರ್ ಎದುರು ಕೂರಿಸುತ್ತಾರೆ. ಅವರದೇ ಒಂದು ಎಲ್‌ಪಿ, ಅಂದರೆ ನಿಮಿಷಕ್ಕೆ 33 ಸುತ್ತಿನ ದೊಡ್ಡ ಪ್ಲೇಟು, ಹಾಕುತ್ತಾರೆ. "ಫುಲ್ ಸರ್ವಿಸ್ ಆಗಿದೆ ಸರ್, ಹೊಸ ಬೆಲ್ಟು, ಹೊಸ ಆರ್ಟೊಫಾನ್ 2ಎಂ ಬ್ಲೂ ಕಾರ್ಟ್ರಿಜ್ಜು. ನಮ್ಮ ಹುಡುಗನೇ ಮನೆಗೆ ಬಂದು ಸೆಟಪ್ ಮಾಡ್ಕೊಡ್ತಾನೆ" ಎಂದರು. ಕಾರ್ಟ್ರಿಜ್ ಅಂದರೆ ಸೂಜಿ ಇರುವ ಪುಟ್ಟ ಭಾಗ. ಜೊತೆಗೆ ವೋಲ್ಟೇಜ್ ಇಳಿಸುವ ಒಂದು ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಕೊಟ್ಟರು. "ಅಮೆರಿಕದಿಂದ ಬಂದಿರೋ ಪೀಸು ಸರ್. ಇದು ಹಾಕಿದ್ರೆ ಆಯ್ತು, ಬೇರೇನೂ ಬೇಡ."

ನಾನು ಬಾಯಿಬಿಟ್ಟು ಕೇಳಿದ್ದೇನೆ, "ಸ್ಪೀಡು ಸರಿ ಇರುತ್ತಾ?" ಅಂತ. "ನೂರಕ್ಕೆ ನೂರು ಸರ್" ಎಂದರು. ಈ ಮಾತು ನೆನಪಿಟ್ಟುಕೊಳ್ಳಿ.

ಮನೆಗೆ ಬಂದ ಹುಡುಗ ಮಷೀನು ಇಟ್ಟ, ವೈರು ಸಿಕ್ಕಿಸಿದ, ಸೂಜಿಯ ಭಾರ ಹೊಂದಿಸುವ ತೂಕದ ಬಿಲ್ಲೆಯನ್ನು ಕಣ್ಣಂದಾಜಿನಲ್ಲಿ ತಿರುಗಿಸಿದ, ಹಾಡು ಬಂತು. ಸೆಟಪ್ ಚಾರ್ಜು ಅಂತ ಬೇರೆ ದುಡ್ಡು ಇಸ್ಕೊಂಡು ಹೋದ. ಎಲ್‌ಪಿಗಳು ಮೊದಲು ಸರಿಯಾಗೇ ಕೇಳಿಸಿದವು. ತೊಂದರೆ ಶುರುವಾಗಿದ್ದು ನಿಮಿಷಕ್ಕೆ 45 ಸುತ್ತಿನ ಸಣ್ಣ ಪ್ಲೇಟುಗಳಿಂದ, ಅಂದರೆ ಇಪಿಗಳಿಂದ. ನಮ್ಮ ಮನೆಗಳಲ್ಲಿ ಕನ್ನಡ ಸಿನಿಮಾ ಹಾಡು ಅಂದರೆ ಹೆಚ್ಚಾಗಿ ಇಪಿಗಳೇ ತಾನೆ. ಅಮ್ಮ ಕೂಡಿಟ್ಟಿದ್ದ ಒಂದು ಇಪಿ ಹಾಕಿದೆ. ಎಸ್. ಜಾನಕಿಯವರ ದನಿ ಗಂಡು ದನಿ ಥರ ಬಂತು. ಪಿ.ಬಿ. ಶ್ರೀನಿವಾಸ್ ನಿದ್ದೆಗಣ್ಣಲ್ಲಿ ಹಾಡಿದ ಹಾಗಿತ್ತು. ಇನ್ನೊಂದು ಇಪಿ ಹಾಕಿದೆ, ಅದೂ ಅಷ್ಟೆ. ಫೋನ್ ಮಾಡಿದೆ.

"ಸರ್, ಆ ಇಪಿಗಳು ಹಳೇವು. ಬಗ್ಗಿರುತ್ವೆ."

ಎಲ್ಲಾ ಇಪಿಗಳೂ ಒಂದೇ ಅಳತೆಗೆ ಬಗ್ಗಿರುತ್ತವಾ? ಕೇಳಿದೆ. "ವಿಂಟೇಜ್ ಅಂದ್ರೆ ಸ್ವಲ್ಪ ವಾರ್ಮ್ ಸೌಂಡ್ ಸರ್, ಕಿವಿ ಅಡ್ಜಸ್ಟ್ ಆಗುತ್ತೆ." ಆಮೇಲೆ ಬೆಸ್ಕಾಂ ಮೇಲೆ ಹಾಕಿದರು: "ನಿಮ್ಮ ಏರಿಯಾದಲ್ಲಿ ವೋಲ್ಟೇಜ್ ಕಮ್ಮಿ ಇರ್ಬೇಕು." ಅದಾದ ಮೇಲೆ ಮೆಸೇಜಿಗೆ ನೀಲಿ ಟಿಕ್ ಬೀಳುತ್ತಿತ್ತು, ಉತ್ತರ ಬರುತ್ತಿರಲಿಲ್ಲ.

ಯುಗಾದಿಗೆ ನೆಂಟರೆಲ್ಲ ಮನೆಗೆ ಬಂದಿದ್ದರು. ಮಾವ ಪಿಟೀಲು ನುಡಿಸುವವರು, ಹೊಸ ಮಷೀನು ಕೇಳಲೆಂದೇ ಬಂದಿದ್ದರು. ಭೀಮಸೇನ ಜೋಶಿಯವರ ಎಲ್‌ಪಿ ಹಾಕಿದೆ. ಅಷ್ಟು ಹೊತ್ತಿಗೆ ಬಿಸಿಲು ಏರಿತ್ತು, 33ರ ಸ್ಪೀಡೂ ಕೆಟ್ಟಿತ್ತು. ಮಾವ ಸ್ವಲ್ಪ ಕೇಳಿ, "ಏನೋ ಇದು? ತಂಬೂರಿ ಶ್ರುತಿನೇ ತೇಲಾಡ್ತಿದೆಯಲ್ಲೋ. ಇದಕ್ಕಾ ಅಷ್ಟು ದುಡ್ಡು ಸುರಿದಿದ್ದು?" ಎಂದರು. ಹಾಲ್ ತುಂಬ ಜನ. ನನಗೆ ಮುಖ ಎತ್ತೋಕೆ ಆಗಲಿಲ್ಲ. ಮನೆಯವಳು ಒಳಗೆ ಎದ್ದು ಹೋದಳು.

ಅವರೆಲ್ಲ ಹೋದ ಮೇಲೆ ಪ್ಲ್ಯಾಟರ್, ಅಂದರೆ ಪ್ಲೇಟು ಕೂರುವ ತಟ್ಟೆ, ಎತ್ತಿದೆ. ಬೆಲ್ಟು ಸುತ್ತಿಕೊಳ್ಳುವ ಮೋಟಾರಿನ ಪುಲ್ಲಿಗೆ ಟೇಪು ಸುತ್ತಿದ್ದರು. ಹೌದು, ಟೇಪು. ವೈರಿಗೆ ಸುತ್ತುವ ಕರಿ ಇನ್ಸುಲೇಷನ್ ಟೇಪು, ಸುತ್ತಿನ ಮೇಲೆ ಸುತ್ತು. ಪುಲ್ಲಿಯಲ್ಲಿ 33ಕ್ಕೊಂದು, 45ಕ್ಕೊಂದು ಮೆಟ್ಟಿಲು ಇರುತ್ತದೆ. ಸುತ್ತಿದ್ದು 33ರ ಮೆಟ್ಟಿಲಿಗೆ ಮಾತ್ರ. 45ರದ್ದನ್ನು ಹಾಗೇ ಬಿಟ್ಟಿದ್ದರು, ಅಂಗಡಿಯಲ್ಲಿ ಯಾರೂ 45 ಹಾಕಿ ನೋಡುವುದಿಲ್ಲ ಅಂತ ಗೊತ್ತಿತ್ತಲ್ಲ! ಸೆಕೆಗೆ ಟೇಪಿನ ಅಂಟು ಕರಗಿ, ಟೇಪು ಜಾರಿ, ಹೊಸ ಬೆಲ್ಟಿಗೆಲ್ಲ ಮೆತ್ತಿಕೊಂಡಿತ್ತು. ಒಂದೂವರೆ ಲಕ್ಷದ ಮಷೀನಿಗೆ ಟೇಪು. ನೋಡುತ್ತಾ ನಿಂತೇ ಇದ್ದೆ.

ಆಮೇಲೆ ತಳ ನೋಡಿದೆ. ವೋಲ್ಟೇಜು, ಹರ್ಟ್ಜ್ (ಕರೆಂಟು ಸೆಕೆಂಡಿಗೆ ಎಷ್ಟು ಸಲ ಏರಿಳಿಯುತ್ತದೆ ಅನ್ನುವ ಲೆಕ್ಕ) ಬರೆದಿರುವ ಪಟ್ಟಿ ಇರುತ್ತದಲ್ಲ, ಸರಿಯಾಗಿ ಅದರ ಮೇಲೆಯೇ ಅಂಗಡಿಯವರ ಸ್ಟಿಕ್ಕರ್ ಅಂಟಿಸಿದ್ದರು. 'ಸರ್ವಿಸ್ಡ್' ಅಂತ. ಉಗುರಿನಿಂದ ಕಿತ್ತೆ. ಕೆಳಗೆ 60 ಹರ್ಟ್ಜ್ ಎಂದಿತ್ತು.

ಎಸ್.ಪಿ. ರೋಡಿನ ಹತ್ತಿರ ಹಳೇ ಆಂಪ್ಲಿಫೈಯರ್ ರಿಪೇರಿ ಮಾಡುವ ಹಿರಿಯರೊಬ್ಬರಿಗೆ ತೋರಿಸಿದೆ. ಪುಲ್ಲಿ ನೋಡಿದ ಕೂಡಲೇ ಅವರಿಗೆ ಅರ್ಥವಾಯಿತು. ಅಮೆರಿಕದ ಕರೆಂಟು 120 ವೋಲ್ಟು, 60 ಹರ್ಟ್ಜ್. ನಮ್ಮದು 230 ವೋಲ್ಟು, 50 ಹರ್ಟ್ಜ್. ಟ್ರಾನ್ಸ್‌ಫಾರ್ಮರ್ ವೋಲ್ಟೇಜನ್ನು ಇಳಿಸುತ್ತದೆ, ಹರ್ಟ್ಜ್ ಇದ್ದಷ್ಟೇ ಇರುತ್ತದೆ. ಈ ಥರದ ಹಳೇ ಬೆಲ್ಟ್ ಡ್ರೈವ್‌ಗಳಲ್ಲಿ ಇರುವ ಸಿಂಕ್ರೋನಸ್ ಮೋಟಾರು ತಿರುಗುವುದೇ ಹರ್ಟ್ಜ್ ಲೆಕ್ಕದಲ್ಲಿ. ಹಾಗಾಗಿ ಆರನೇ ಒಂದು ಪಾಲು ಸ್ಪೀಡು ಹೋಯಿತು. ನಿಮಿಷಕ್ಕೆ 33⅓ ಸುತ್ತು ತಿರುಗಬೇಕಾದ್ದು ಸುಮಾರು 27.8, 45 ಆಗಬೇಕಾದ್ದು 37.5. ಶ್ರುತಿ ಮೂರು ಸ್ವರಸ್ಥಾನ ಕೆಳಗೆ. ಜಾನಕಿಯವರ ದನಿ ಯಾಕೆ ಹಾಗಿತ್ತು ಅಂತ ಈಗ ಗೊತ್ತಾಯಿತಲ್ವಾ? ಇದಕ್ಕೆ ಸರಿಯಾದ ದಾರಿ 50 ಹರ್ಟ್ಜ್‌ನ ಪುಲ್ಲಿ ಹಾಕುವುದು. ಅದು ಸ್ವಲ್ಪ ದಪ್ಪ ಇರುತ್ತದೆ, ಪುಲ್ಲಿ ದಪ್ಪ ಇದ್ದಷ್ಟೂ ತಟ್ಟೆ ಜೋರಾಗಿ ತಿರುಗುತ್ತದೆ. ಇವರು ಆ ಪುಲ್ಲಿ ತರಿಸುವ ಬದಲು ಟೇಪಿನಲ್ಲಿ ದಪ್ಪ ಮಾಡಿದ್ದಾರೆ. ಅಂದರೆ ಅವರಿಗೆ ಎಲ್ಲಾ ಗೊತ್ತಿತ್ತು! ಗೊತ್ತಿಲ್ಲದವನು ಪುಲ್ಲಿಗೆ ಟೇಪು ಸುತ್ತುವುದಿಲ್ಲ. ಪಟ್ಟಿಯ ಮೇಲೆ ಸ್ಟಿಕ್ಕರ್ ಅಂಟಿಸುವುದಿಲ್ಲ.

ಅಂಗಡಿಗೆ ಹೋದೆ. ಟೇಪು, ಸ್ಟಿಕ್ಕರ್ ಎರಡೂ ಟೇಬಲ್ ಮೇಲೆ ಇಟ್ಟೆ. ಅವರು ಹೇಳಿದ್ದು ಇದು: "ಟೇಪು ನೀವೇ ಹಾಕಿಲ್ಲ ಅಂತ ಏನ್ ಗ್ಯಾರಂಟಿ ಸರ್?"

ಎದುರಿಗೇ ಕೂತು ಹಾಗೆ ಕೇಳಿದರು. ಇನ್ನೂ ಮೈ ಉರಿಯುತ್ತದೆ. ಪುಲ್ಲಿಗೆ ಟೇಪು ಸುತ್ತಿದ್ದ ಫೋಟೊ ತೋರಿಸಿದೆ. ಆಗ ಮಾತು ಬದಲಾಯಿತು. "ಟೆಕ್ನಿಕ್ಸ್ ಎಲ್ಲಾ ಇದೇ ಟ್ರಾನ್ಸ್‌ಫಾರ್ಮರಲ್ಲೇ ಓಡುತ್ತೆ ಸರ್, ಯಾರೂ ಕಂಪ್ಲೇಂಟ್ ಮಾಡಿಲ್ಲ." ಓಡುತ್ತೆ ಸ್ವಾಮಿ! ಟೆಕ್ನಿಕ್ಸ್ ಎಸ್‌ಎಲ್-1200 ಮಾರ್ಕ್ 2 ಥರದ್ದು ಡೈರೆಕ್ಟ್ ಡ್ರೈವ್, ಅಂದರೆ ಬೆಲ್ಟ್ ಇಲ್ಲದೆ ಮೋಟಾರೇ ನೇರವಾಗಿ ತಟ್ಟೆ ತಿರುಗಿಸುತ್ತದೆ. ಅದರ ಸ್ಪೀಡು ಒಳಗಿನ ಕ್ವಾರ್ಟ್ಜ್ ಹರಳಿನಿಂದ ಬರುತ್ತದೆ, ಕರೆಂಟಿನ ಹರ್ಟ್ಜ್‌ನಿಂದ ಅಲ್ಲ. ವೋಲ್ಟೇಜು ಹೊಂದಿಸಿದರೆ ಸಾಕು. ಅದಕ್ಕೂ ಇದಕ್ಕೂ ಏನು ಸಂಬಂಧ? ಕೊನೆಗೆ ಬಿಲ್ಲು ತಿರುಗಿಸಿ ತೋರಿಸಿದರು. ಸಣ್ಣ ಅಕ್ಷರದಲ್ಲಿ, ಹಳೆಯ ಮಾಲು ವಾಪಸ್ ಇಲ್ಲ ಅಂತ. "ಬೇಕಾದ್ರೆ ಎಕ್ಸ್‌ಚೇಂಜ್ ಮಾಡ್ಕೊಳ್ಳಿ ಸರ್, ಅರ್ಧ ರೇಟು ಕೊಡ್ತೀವಿ." ಅವರೇ ಕೆಡಿಸಿದ ಮಾಲಿಗೆ ಅರ್ಧ ರೇಟು!

ಇನ್ನೊಂದು ಸಂಗತಿ ಹೇಳದಿದ್ದರೆ ಆಗಲ್ಲ, ಏಕೆಂದರೆ ಇದರಲ್ಲಿ ಹೋಗಿದ್ದು ಬರೀ ದುಡ್ಡಲ್ಲ. ಆ ರಿಪೇರಿಯವರೇ ಸೂಜಿಯ ಭಾರ ಅಳೆಯುವ ಪುಟ್ಟ ತಕ್ಕಡಿ ಇಟ್ಟು ನೋಡಿದರು. 3 ಗ್ರಾಂ ದಾಟಿತ್ತು. 2ಎಂ ಬ್ಲೂಗೆ ಇರಬೇಕಾದ್ದು 1.8 ಗ್ರಾಂ. ಕಾರ್ಟ್ರಿಜ್ಜೂ ತೋಳಿನ ತುದಿಯ ಹೆಡ್‌ಶೆಲ್‌ನಲ್ಲಿ ಸೊಟ್ಟಗೆ ಕೂತಿತ್ತು. ಇಷ್ಟು ದಿನ ಅಮ್ಮನ ಇಪಿಗಳ ಮೇಲೆ ಆ ಭಾರ ಹೊತ್ತ ಸೂಜಿ ಓಡಿದೆ. ಗೀರಿದ್ದು ಗೀರಿದ್ದೇ, ಅದನ್ನು ಯಾವ ಅಂಗಡಿಯೂ ಸರಿ ಮಾಡಿಕೊಡಲ್ಲ. ಇದಕ್ಕೆ ನಾನು ಸೆಟಪ್ ಚಾರ್ಜು ಬೇರೆ ಕೊಟ್ಟಿದ್ದೇನೆ.

ಹಾಗಾಗಿ ಕೊಳ್ಳುವವರು ಇಷ್ಟು ಮಾಡಿ. ಮಷೀನಿನ ತಳದ ಪಟ್ಟಿ ಓದಿ, ಅದರ ಮೇಲೆ ಏನಾದರೂ ಅಂಟಿಸಿದ್ದರೆ ಅಲ್ಲೇ ಕೀಳಿಸಿ. ಪ್ಲ್ಯಾಟರ್ ಎತ್ತಿಸಿ ಪುಲ್ಲಿ ನೋಡಿ. ಎತ್ತಲು ಬಿಡದಿದ್ದರೆ ಎದ್ದು ಬನ್ನಿ. 33 ಮತ್ತು 45 ಎರಡೂ ಓಡಿಸಿ ನೋಡಿ. ನಿಮಗೆ ಬಾಯಿಪಾಠ ಆಗಿರುವ ಹಾಡಿನ ನಿಮ್ಮದೇ ಪ್ಲೇಟು ತೆಗೆದುಕೊಂಡು ಹೋಗಿ, ಅವರದ್ದು ಬೇಡ. ಸ್ಪೀಡು ಅಳೆಯುವ ಆ್ಯಪ್ ಫೋನಿನಲ್ಲೇ ಸಿಗುತ್ತದೆ. ಜಪಾನಿನಿಂದ ತರಿಸಿದ್ದಾದರೆ ಇನ್ನೂ ಹುಷಾರು, ಅಲ್ಲಿ 100 ವೋಲ್ಟು, ಪೂರ್ವ ಭಾಗದಲ್ಲಿ 50 ಹರ್ಟ್ಜ್, ಪಶ್ಚಿಮದಲ್ಲಿ 60. ಸೆಟಪ್‌ಗೆ ಬರುವವನ ಕೈಯಲ್ಲಿ ತಕ್ಕಡಿಯೂ ಕಾರ್ಟ್ರಿಜ್ ಕೂರಿಸುವ ಪ್ರೊಟ್ರ್ಯಾಕ್ಟರೂ ಇಲ್ಲದಿದ್ದರೆ ಮನೆಯೊಳಗೇ ಬಿಡಬೇಡಿ. ಬಿಲ್ಲಿನಲ್ಲಿ '50 ಹರ್ಟ್ಜ್‌ನಲ್ಲಿ ಸರಿಯಾದ ಸ್ಪೀಡು' ಅಂತ ಬರೆಸಿಕೊಳ್ಳಿ. ಬರೆಯಲ್ಲ ಅಂದರೆ ಅಲ್ಲಿಗೇ ಉತ್ತರ ಸಿಕ್ಕಿತು.

ನಾನು ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇನೆ. ಅಲ್ಲಿ ಆಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುತ್ತೇನೆ, 5 ಲಕ್ಷದವರೆಗಿನ ಖರೀದಿಗೆ ಅಲ್ಲಿ ಶುಲ್ಕವೂ ಇಲ್ಲ. ಟೇಪು, ಸ್ಟಿಕ್ಕರ್, ಬಿಲ್ಲು, ಅವರ ಮೆಸೇಜು ಎಲ್ಲಾ ಇಟ್ಟುಕೊಂಡಿದ್ದೇನೆ. ಮೊನ್ನೆ ಅದೇ ಅಂಗಡಿಯವರು ಇನ್ನೊಂದು 'ಅಮೆರಿಕನ್ ಪೀಸ್' ಬಂದಿದೆ ಅಂತ ಸ್ಟೇಟಸ್ ಹಾಕಿದ್ದರು. ತಳದ ಫೋಟೊ ಕಳಿಸಿ ಅಂತ ಕೇಳಿದೆ. ನನ್ನ ನಂಬರು ಬ್ಲಾಕ್ ಮಾಡಿದರು.