ಸಾಲಿಸ್‌ಬರಿಯ ಹುಲ್ಲುಗಾವಲಿನಲ್ಲಿ ತೈಲವರ್ಣದ ಪಾಠ: ಎರಡು ವರ್ಷ ಕಲಿತ ಮೇಲಿನ ಅಭಿಪ್ರಾಯ

ಇಂಗ್ಲೆಂಡಿನ ಸಾಲಿಸ್‌ಬರಿಗೆ ಹತ್ತಿರದ ಹಳ್ಳಿಯೊಂದರ ಸಮುದಾಯ ಭವನದಲ್ಲಿ, ಕುಂಚ ಹಿಡಿದು ಗೊತ್ತಿಲ್ಲದವರಿಗೆಂದೇ ನಡೆಯುವ ತೈಲವರ್ಣದ ನಿಸರ್ಗಚಿತ್ರ ತರಗತಿಗೆ ನಾನು ಸೇರಿ ಎರಡು ವರ್ಷ ತುಂಬಿದೆ. ವಾರಕ್ಕೊಮ್ಮೆ ಎರಡೂವರೆ ಗಂಟೆ, ಹತ್ತು ವಾರಕ್ಕೆ ಒಂದು ಅವಧಿ. ಅಂಥ ಐದು ಅವಧಿಗಳು ಮುಗಿದಿವೆ. ಸೌತಾಂಪ್ಟನ್ ಕಡೆಯ ಕನ್ನಡಿಗ ಸ್ನೇಹಿತರು ಸೇರಬಹುದೇ ಎಂದು ಮತ್ತೆ ಮತ್ತೆ ಕೇಳುತ್ತಿರುವುದರಿಂದ ಇದನ್ನು ವಿವರವಾಗಿ ಬರೆಯುತ್ತಿದ್ದೇನೆ. ಖಂಡಿತ ಸೇರಬಹುದು. ಆದರೆ ಒಂದೇ ಅವಧಿ ಕಲಿತು ಬಿಡುವ ಯೋಚನೆ ಇದ್ದವರಿಗೆ ಈ ತರಗತಿ ಹೇಳಿ ಮಾಡಿಸಿದ್ದಲ್ಲ.

ಮೊದಲ ಮೂರು ವಾರ ಸಾಲಿಸ್‌ಬರಿಯ ಹೆಸರಾಂತ ದೊಡ್ಡ ಚರ್ಚಾದ ಕ್ಯಾಥೆಡ್ರಲ್‌ನ ಮಾತೇ ಇರಲಿಲ್ಲ. ಅಲ್ಟ್ರಾಮರೀನ್ ನೀಲಿ, ಮಣ್ಣಿನ ಹಳದಿಯಾದ ಯೆಲ್ಲೋ ಓಕರ್, ಕೆಂಗಂದಿನ ಬರ್ನ್ಟ್ ಸಿಯೆನ್ನಾ, ಟೈಟೇನಿಯಂ ಬಿಳಿ, ಒಂದು ನಿಂಬೆ ಹಳದಿ, ಒಂದು ಕಡುಗೆಂಪು ಇಷ್ಟನ್ನೇ ಇಟ್ಟುಕೊಂಡು ಹಸಿರನ್ನು ಬೆರೆಸುವುದು ಮಾತ್ರ ಪಾಠವಾಗಿತ್ತು. ಟ್ಯೂಬಿನಿಂದ ನೇರವಾಗಿ ಹಿಂಡಿದ ಹಸಿರನ್ನು ಬಳಸಲು ಶಿಕ್ಷಕಿ ಬಿಡಲಿಲ್ಲ. ತೀರ್ಥಹಳ್ಳಿಯ ಮಳೆಗಾಲವನ್ನು ನೋಡಿ ಬೆಳೆದ ನನ್ನ ಕಣ್ಣಿಗೆ ಹಸಿರೆಂದರೆ ಭತ್ತದ ಸಸಿಮಡಿಯ ಹಸಿರೇ ಆಗಿತ್ತು. ಇಲ್ಲಿನ ಹುಲ್ಲಿನಲ್ಲಿ ಬೂದಿಯ ಅಂಶವಿದೆ, ದೂರ ಸರಿದಂತೆ ಅದಕ್ಕೆ ನೀಲಿ ಸೇರುತ್ತದೆ ಎಂಬುದು, ಅಲ್ಟ್ರಾಮರೀನ್ ಮತ್ತು ಓಕರ್ ಬೆರೆಸಿ ಕಾವಿಯಂಥ ಸಿಯೆನ್ನಾದ ಒಂದು ಚಿಟಿಕೆ ಸೇರಿಸಿದ ಕ್ಷಣದಲ್ಲಿ ತಿಳಿಯಿತು. ಪ್ಯಾಲೆಟ್ ಚಾಕುವಿನ ತುದಿಯಲ್ಲಿದ್ದ ಆ ಮುದ್ದೆಯನ್ನು ಕಿಟಕಿಯಾಚೆಯ ಹೊಲದ ನೇರಕ್ಕೆ ಹಿಡಿದಾಗ ಎರಡೂ ಒಂದಾಗಿ ಕಂಡವು. ಆ ಮೂರು ವಾರ ಬೇಸರ ತಂದದ್ದು ನಿಜ. ಆಮೇಲೆ ಕಲಿತದ್ದೆಲ್ಲ ಅದರ ಮೇಲೆಯೇ ನಿಂತಿದೆ ಎಂಬುದೂ ಅಷ್ಟೇ ನಿಜ.

ಹೊರಾಂಗಣದ ಪಾಠ ನಡೆಯುವುದು ಹಾರ್ನಮ್ ಹುಲ್ಲುಗಾವಲನ್ನು ಹಾದುಹೋಗುವ ಟೌನ್ ಪಾತ್ ಎಂಬ ಕಾಲುದಾರಿಯ ಬದಿಯಲ್ಲಿ. ನ್ಯಾಡರ್ ನದಿಯ ನೀರನ್ನು ಕಾಲುವೆಗಳಲ್ಲಿ ಹರಿಸಿ, ಚಳಿಗಾಲದಲ್ಲಿ ಹುಲ್ಲಿನ ಮೇಲೆ ತೆಳುವಾಗಿ ಹಾಯಿಸಿ, ವಸಂತಕ್ಕೆ ಮೊದಲೇ ಮೇವು ಚಿಗುರುವಂತೆ ಮಾಡುತ್ತಿದ್ದ ಹಳೆಯ ಬೇಸಾಯದ ನೆಲವದು. ಅಲ್ಲಿಂದ ಪೂರ್ವಕ್ಕೆ ನೋಡಿದರೆ ಕ್ಯಾಥೆಡ್ರಲ್‌ನ 123 ಮೀಟರ್ ಎತ್ತರದ ಗೋಪುರ ನಿಂತಿದೆ. ಬ್ರಿಟನ್ನಿನ ಚರ್ಚ್ ಗೋಪುರಗಳಲ್ಲಿ ಅದೇ ಅತಿ ಎತ್ತರದ್ದು. 1220ರಲ್ಲಿ ಅಡಿಪಾಯ ಹಾಕಿದ ಕಟ್ಟಡಕ್ಕೆ ಈ ಗೋಪುರ ಸೇರಿದ್ದು ನಂತರದ ಶತಮಾನದಲ್ಲಿ.

ಹೊರಾಂಗಣದ ಮೊದಲ ದಿನ, ಮಾರ್ಚ್ ತಿಂಗಳ ಬೆಳಿಗ್ಗೆ, ನಾವು ಹದಿನಾಲ್ಕು ಮಂದಿಯೂ ಗೋಪುರಕ್ಕೆ ತಿಳಿ ಕೆನೆಬಣ್ಣ ಹಚ್ಚಿದ್ದೆವು, ಏಕೆಂದರೆ ಕಲ್ಲು ಆ ಬಣ್ಣದ್ದೆಂದು ನಮಗೆ ಗೊತ್ತಿತ್ತು. ಶಿಕ್ಷಕಿ ಕಣ್ಣನ್ನು ಅರೆಮುಚ್ಚಿ ನೋಡಲು ಹೇಳಿದರು. ಸೂರ್ಯ ಗೋಪುರದ ಹಿಂದೆ ಇದ್ದುದರಿಂದ ಅದು ಆಕಾಶಕ್ಕಿಂತ ಎಷ್ಟೋ ಗಾಢವಾಗಿ, ನೇರಳೆ ಬೆರೆತ ಬೂದು ಬಣ್ಣದಲ್ಲಿತ್ತು. ಊಟ ಮುಗಿಸಿ ಮೂರು ಗಂಟೆಗೆ ನಾವು ಕೆಲವರು ಅದೇ ಜಾಗಕ್ಕೆ ಮರಳಿದಾಗ ಬಿಸಿಲು ಪಶ್ಚಿಮಕ್ಕೆ ಬಂದಿತ್ತು. ಹಿಂದೆ ಮಳೆಮೋಡ ಕವಿದಿತ್ತು. ಅದೇ ಕಲ್ಲು ಈಗ ಮೋಡದ ಮುಂದೆ ಬೆಳಗುತ್ತಿತ್ತು. ಗೊತ್ತಿರುವುದನ್ನು ಬದಿಗಿಟ್ಟು ಕಾಣುವುದನ್ನು ಬರೆಯುವುದು ಎಂದರೇನೆಂದು ನನಗೆ ಅರ್ಥವಾದದ್ದು ಆ ದಿನ. ಈ ತರಗತಿಗೆ ನಾನು ಕೊಟ್ಟ ಅಷ್ಟೂ ಹಣ ಆ ಒಂದು ದಿನಕ್ಕೇ ಸಂದಿದೆ ಎಂದು ಇಂದಿಗೂ ನಂಬಿದ್ದೇನೆ.

ಇದೇ ನೆಲದಲ್ಲಿ ಇಂಗ್ಲೆಂಡಿನ ಹೆಸರಾಂತ ನಿಸರ್ಗಚಿತ್ರಕಾರ ಜಾನ್ ಕಾನ್‌ಸ್ಟೆಬಲ್ ಚಿತ್ರ ಬರೆದದ್ದರಿಂದ ಪಾಠಕ್ಕೆ ಇನ್ನೊಂದು ಬಲ ಸಿಗುತ್ತದೆ. ಆತ 1811ರಲ್ಲಿ ಮೊದಲು ಸಾಲಿಸ್‌ಬರಿಗೆ ಬಂದು, ಬಿಷಪ್ ಫಿಷರ್ ಕುಟುಂಬದ ಸ್ನೇಹದಿಂದ ಮತ್ತೆ ಮತ್ತೆ ಬರುತ್ತಿದ್ದ. 1823ರಲ್ಲಿ ಪ್ರದರ್ಶಿಸಿದ ಚಿತ್ರದಲ್ಲಿ ಗೋಪುರದ ಹಿಂದೆ ಕಪ್ಪು ಮೋಡವಿದೆಯೆಂದು ಬಿಷಪ್ ಬೇಸರಿಸಿದ್ದರಂತೆ. ನಾವು ಆ ಮಧ್ಯಾಹ್ನ ನೋಡಿದ್ದು ಅಂಥದೇ ಮೋಡ. ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನ ಸಂಗ್ರಹಕ್ಕೆ ಸೇರಿರುವ ಆ ಚಿತ್ರವನ್ನೂ, ನ್ಯಾಷನಲ್ ಗ್ಯಾಲರಿಯ ಸಂಗ್ರಹದಲ್ಲಿರುವ, ಏವನ್ ದಡದಿಂದ 1820ರಲ್ಲಿ ಬರೆದ ಚಿತ್ರವನ್ನೂ ನೋಡಿ ಬರುವಂತೆ ಶಿಕ್ಷಕಿ ಹೇಳುತ್ತಾರೆ. ಎರಡನೆಯದನ್ನು ನಾನು ಹೆಚ್ಚು ಮೆಚ್ಚುತ್ತೇನೆ. ಮರಗಳು ಕುಂಚದ ನಾಲ್ಕಾರು ಹೊಡೆತಗಳಲ್ಲೇ ನಿಂತಿವೆ. ಎಲೆ ಎಲೆಯನ್ನೂ ಬಿಡಿಸಲು ಹೊರಡುವ ಕಲಿಕೆಯವರು ಅದರ ಮುಂದೆ ಸ್ವಲ್ಪ ಹೊತ್ತು ನಿಲ್ಲಬೇಕು.

ಇನ್ನು ಕೊರತೆಗಳು. ಮೊದಲ ಅವಧಿಯ ಚಳಿಯಲ್ಲಿ ಕಿಟಕಿ ಮುಚ್ಚಿದ ಭವನದಲ್ಲಿ ಬಣ್ಣ ತೆಳುಮಾಡುವ ಟರ್ಪೆಂಟೈನ್ ಬಳಸಿದ್ದರಿಂದ ನನಗೂ ಇನ್ನಿಬ್ಬರಿಗೂ ಪ್ರತಿ ವಾರ ತಲೆನೋವು ಬರುತ್ತಿತ್ತು. ದೂರು ಕೊಟ್ಟ ಮೇಲೆ ವಾಸನೆ ಕಡಿಮೆಯ ದ್ರಾವಕಕ್ಕೆ ಬದಲಾಯಿಸಿದರು, ಆದರೆ ಅದನ್ನು ನಾವು ಕೇಳುವವರೆಗೆ ಕಾಯಬಾರದಿತ್ತು. ಹೊರಾಂಗಣದ ದಿನ ಮಳೆ ಬಂದರೆ ಪಾಠ ರದ್ದಾಗುತ್ತದೆ, ಬದಲಿ ದಿನ ಕೊಡುವುದಿಲ್ಲ. ಈ ದೇಶದ ಹವೆಯಲ್ಲಿ ಇದು ಸಣ್ಣ ನಷ್ಟವಲ್ಲ. ಸೇರುವ ಮೊದಲು ಕಳಿಸಿದ ಪಟ್ಟಿಯಲ್ಲಿ ಹದಿನೆಂಟು ಬಣ್ಣಗಳಿದ್ದವು, ಬಳಸಿದ್ದು ಮೇಲೆ ಹೇಳಿದ ಆರು.

ಎಲ್ಲಕ್ಕಿಂತ ನೋವಾದದ್ದು ಬೇರೆ. ಎಣ್ಣೆ ಕಡಿಮೆಯಿರುವ ಪದರದ ಮೇಲೆ ಎಣ್ಣೆ ಹೆಚ್ಚಿರುವ ಪದರ ಬರಬೇಕು, ತಿರುಗುಮುರುಗಾದರೆ ಮೇಲಿನದು ಬೇಗ ಒಣಗಿ ಬಿರಿಯುತ್ತದೆ ಎಂಬ ಮೂಲ ನಿಯಮವನ್ನು ಎರಡನೆಯ ಅವಧಿಯವರೆಗೆ ಯಾರೂ ಹೇಳಲಿಲ್ಲ. ಲಿನ್ಸೀಡ್ (ಅಗಸೆ) ಎಣ್ಣೆ ಧಾರಾಳವಾಗಿ ಬೆರೆಸಿದ ಆಕಾಶದ ಮೇಲೆ ತೆಳುವಾದ ಮೋಡ ಬರೆದ ನನ್ನ ಒಂದು ಚಿತ್ರದಲ್ಲಿ ಈಗ ಕೂದಲೆಳೆಯಂಥ ಬಿರುಕುಗಳು ಎದ್ದಿವೆ. ಅಮ್ಮನಿಗೆಂದು ಬರೆದ ಚಿತ್ರವದು. ಆರಂಭಿಕರ ತರಗತಿಯಲ್ಲಿ ಈ ಮಾತು ಮೊದಲ ದಿನವೇ ಬರಬೇಕು.

ಆದರೆ ಎಣ್ಣೆ ಹೀರಿದ ಬಟ್ಟೆಯ ವಿಷಯದಲ್ಲಿ ಅವರ ಎಚ್ಚರವನ್ನು ಮೆಚ್ಚಲೇಬೇಕು. ಅಂಥ ಬಟ್ಟೆಯನ್ನು ಮುದ್ದೆ ಮಾಡಿ ಎಸೆದರೆ ತಾನಾಗಿಯೇ ಬಿಸಿಯಾಗಿ ಹೊತ್ತಿಕೊಳ್ಳಬಹುದು. ಮುಚ್ಚಳವಿರುವ ಲೋಹದ ಡಬ್ಬಿಯಲ್ಲಿ ನೀರು ಹಾಕಿ ಅದರಲ್ಲಿ ಮುಳುಗಿಸದೆ ಯಾರನ್ನೂ ಮನೆಗೆ ಕಳಿಸುವುದಿಲ್ಲ.

ಸೌತಾಂಪ್ಟನ್ನಿನಿಂದ ರೈಲಿನಲ್ಲಿ ಅರ್ಧ ಗಂಟೆ, ಮುಂದೆ ಬಸ್ಸು. ಹಸಿ ಚಿತ್ರವನ್ನು ಒಯ್ಯಲು ವಿಶೇಷ ಪೆಟ್ಟಿಗೆ ಕೊಳ್ಳುವ ಅಗತ್ಯವಿಲ್ಲ. 10 ಅಂಗುಲಕ್ಕೆ 12 ಅಂಗುಲದ ಹಲಗೆ ದೊಡ್ಡ ಪಿಜ್ಜಾ ಡಬ್ಬಿಯಲ್ಲಿ ಸರಿಯಾಗಿ ಕೂರುತ್ತದೆ, ಮೂಲೆಗಳಿಗೆ ಕಾರ್ಕ್ ತುಂಡು ಅಂಟಿಸಿದರೆ ಬಣ್ಣ ಮುಚ್ಚಳಕ್ಕೆ ತಾಗುವುದಿಲ್ಲ. ಹಂದಿಗೂದಲಿನ ಚಪ್ಪಟೆ ಕುಂಚಗಳು ಮೂರು ಅಳತೆಯಲ್ಲಿದ್ದರೆ ಸಾಕು.

ಆರನೆಯ ಅವಧಿಗೂ ಹಣ ಕಟ್ಟಿದ್ದೇನೆ. ಜನವರಿಯಲ್ಲಿ ನೀರು ನಿಂತ ಹುಲ್ಲುಗಾವಲಿನಲ್ಲಿ ಗೋಪುರದ ಪ್ರತಿಬಿಂಬ ಮೂಡಿದ್ದನ್ನು ಬರೆದ ಚಿತ್ರ ಗೋಡೆಯ ಮೇಲೆ ಇನ್ನೂ ಒಣಗುತ್ತಿದೆ. ಅದಕ್ಕೆ ವಾರ್ನಿಶ್ ಹಚ್ಚುವುದನ್ನು ಅಕ್ಟೋಬರಿನಲ್ಲಿ ಹೇಳಿಕೊಡುತ್ತಾರೆ.